ಮೌಸ್ ಮುಟ್ಟದೆ ಬದಲಾದ ಪುಟ

"ಮೌಸ್ ಮುಟ್ಟಬೇಡ ಮಾರಾಯ, ಯಾವಾಗ ಕಳಿಸ್ಬೇಕು ಹೇಳು," ಎಂದಳು ವೀಣಾ, ಕೊಚ್ಚಿ ಕಚೇರಿಯಿಂದ ಫೋನಿನಲ್ಲಿ. ತಿರುವನಂತಪುರದ ಪಟ್ಟಂ ಕಚೇರಿಯಲ್ಲಿ ಕಂಪ್ಯೂಟರಿನಿಂದ ಮಾರು ದೂರ ನಿಂತಿದ್ದೆ. ಬ್ರೌಸರ್ ಕೇಳದೆ ಸರ್ವರ್ ಹೊಸ ಸುದ್ದಿ ಕಳಿಸಲಾರದೆಂದು ಹಿಂದಿನ ದಿನವಷ್ಟೇ ಸಭೆಯಲ್ಲಿ ಅವಳೊಂದಿಗೆ ವಾದಿಸಿ ಗೆದ್ದವನು ನಾನು. ಪುಟವೇ ಗುಟ್ಟಾಗಿ ನಿಮಿಷಕ್ಕೊಮ್ಮೆ ಸರ್ವರನ್ನು ಕೇಳುತ್ತಿರಬಹುದೆಂಬ ಗುಮಾನಿಯಿಂದ, ಪುಟ ಬದಲಾಗಬೇಕಾದ ಕ್ಷಣವನ್ನೂ ನಾನೇ ಆರಿಸುವೆನೆಂದು ಷರತ್ತು ಹಾಕಿದ್ದೆ.

"ಈಗ," ಎಂದೆ. ಮರುಕ್ಷಣವೇ ಪರದೆಯ ಮೇಲೆ ಅವಳ ಸಾಲು ಮೂಡಿತು.

"ಇನ್ನೇನು ವಾದ ಮೋನೇ?" ಎಂದು ಪಕ್ಕದಲ್ಲಿದ್ದ ಮೇಲಧಿಕಾರಿ, ಮಲಯಾಳಂನಲ್ಲಿ ಮಗನೇ ಎಂದು ಕರೆಯುತ್ತ, ನಕ್ಕರು. ಉತ್ತರ ಕೊಟ್ಟ ಮೇಲೂ ಸರ್ವರ್ ಸಂಪರ್ಕ ಕಡಿಯದಂತೆ ನೋಡಿಕೊಂಡು, ಅದರಲ್ಲೇ ಹೊಸ ಸಾಲು ಕಳಿಸುವುದು, ಅಷ್ಟೇ ವೀಣಾಳ ಉಪಾಯ. ನನಗೇಕೆ ಹೊಳೆಯಲಿಲ್ಲ?

ಹೊಟ್ಟೆಕಿಚ್ಚಿಗೆ ವಾರವಿಡೀ ಅವಳ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಅಭಿನಂದನೆಯನ್ನು ಇನ್ನೂ ಹೇಳಿಲ್ಲ.