ಗಟ್ಟಿಮೇಳಕ್ಕೆ ಮುಂಚೆ

ಶಿಕಾರಿಪುರದಲ್ಲಿ ನನ್ನದೊಂದು ಮೈಕ್‌ಸೆಟ್ ಅಂಗಡಿ. ಮದುವೆ, ಗೃಹಪ್ರವೇಶ, ಭಾಷಣ, ಯಾವುದಕ್ಕೆ ಕರೆದರೂ ಬಾಕ್ಸುಗಳನ್ನು ಹೇರಿಕೊಂಡು ಹೋಗುತ್ತೇನೆ. ಬಹಳ ಹಿಂದೆ ಶಿವಮೊಗ್ಗದಲ್ಲಿ ಹೊಸ ಬಾಕ್ಸು ಕೊಂಡಾಗ ಅಂಗಡಿಯವನು ಒಂದು ಪೆನ್‌ಡ್ರೈವ್ ಕೊಟ್ಟಿದ್ದ. ಅದನ್ನು ಹಾಕಿ ನೋಡಿದರೆ ಬಾಕ್ಸಿನ ಗುಣದೋಷವೆಲ್ಲ ಗೊತ್ತಾಗುತ್ತದೆ ಎಂದಿದ್ದ. ಅದರಲ್ಲಿದ್ದದ್ದು ಒಂದೇ ತುಣುಕು. ಒಂದು ಸ್ಯಾಕ್ಸೋಫೋನು, ಒಂದು ಡ್ರಮ್ಮು, ಹಿಂದೆ ಗುಂಯ್‌ಗುಡುವ ದಪ್ಪ ತಂತಿ. ಹಾಡುವವರು ಯಾರೂ ಇಲ್ಲ. ನಾಲ್ಕೈದು ವರ್ಷ ಅದನ್ನು ಬಾಕ್ಸಿನ ಆರೋಗ್ಯ ನೋಡಲಷ್ಟೇ ಹಾಕುತ್ತಿದ್ದೆ. ಒಂದು ಮಧ್ಯಾಹ್ನ ಬಾಕ್ಸು ಸರಿಯಿದೆ ಎಂದು ಖಾತ್ರಿಯಾದ ಮೇಲೂ ನಿಲ್ಲಿಸಲು ಮನಸ್ಸು ಬರದೆ ಕೂತುಬಿಟ್ಟೆ. ಅದರ ಹೆಸರು ಜಾಝ್, ಅದರಲ್ಲೂ ಮಾಡರ್ನ್ ಜಾಝ್ ಎಂದು ಆಮೇಲೆ ಮೊಬೈಲು ಹೇಳಿತು.

ನನಗೆ ಹಿಡಿಸಿದ್ದು ಊರಿಗೆಲ್ಲ ಹಿಡಿಸಬೇಕು ಎನ್ನುವುದು ನನ್ನ ಹುಟ್ಟುಗುಣ. ಮದುವೆ ಮಂಟಪಕ್ಕೆ ಬೇಗ ಹೋಗಿ ಅದನ್ನೇ ಹಾಕತೊಡಗಿದೆ. ಅಡುಗೆಯವರು ಸೌಟು ಹಿಡಿದು ಬಂದು, "ಟೆಸ್ಟಿಂಗ್ ಮುಗೀತೇನ್ರೀ? ಒಂದು ಹಾಡು ಹಾಕ್ರಿ" ಎನ್ನುತ್ತಿದ್ದರು. ನನ್ನ ಹೆಂಡತಿ ಹತ್ತು ನಿಮಿಷ ತಾಳ್ಮೆಯಿಂದ ಕೂತು, "ಚೆನ್ನಾಗೈತ್ರೀ, ಹಾಡು ಯಾವಾಗ ಶುರುವಾಗ್ತೈತಿ?" ಎಂದು ಕೇಳಿದಳು. ಅವಳು ಕುಚೋದ್ಯ ಮಾಡಿದ್ದಲ್ಲ, ನಿಜವಾಗಿಯೂ ಕಾಯುತ್ತಿದ್ದಳು. ಕಾಲೇಜಿಗೆ ಹೋಗುವ ನನ್ನ ತಂಗಿಯ ಮಗಳು ಇಯರ್‌ಫೋನು ಸಿಕ್ಕಿಸಿಕೊಂಡು ಅರ್ಧ ನಿಮಿಷಕ್ಕೆ ಕಿತ್ತಳು. "ಮಾವ, ಇದು ಈಗಿನವ್ರಿಗೆ ಸೆಟ್ ಆಗಲ್ಲ" ಎಂದಳು. ನನಗೆ ಸಿಟ್ಟು ಬಂತು. ನಾನೂ ದಿನಾ ಬೆಳಗ್ಗೆ ಎದ್ದು ಅಂಗಡಿ ತೆರೆಯುತ್ತೇನಲ್ಲ, ಹಾಗಾದರೆ ನಾನು ಈಗಿನವನಲ್ಲವೇ ಎಂದು ದಬಾಯಿಸಿದೆ. ಅವಳು ನಕ್ಕು ಒಳಗೆ ಹೋದಳು.

ಮನಸ್ಸಿಟ್ಟು ಕೇಳಿದವನು ಒಬ್ಬನೇ, ಸೊರಬದ ಕಡೆಯ ನನ್ನ ಗೆಳೆಯ. ಅವನು ವಾಲಗದವನು. ನಮ್ಮ ಕಡೆ ವಾಲಗದಲ್ಲಿ ಈಗ ಸ್ಯಾಕ್ಸೋಫೋನೇ ಹೆಚ್ಚು. ಅವನು ಅದನ್ನು ನುಡಿಸುತ್ತಾನೆ, ಅವನ ಷಡ್ಡಕ ಡೋಲು ಬಾರಿಸುತ್ತಾನೆ. ಇಪ್ಪತ್ತು ವರ್ಷಗಳಿಂದ ಎಷ್ಟೋ ಮದುವೆಗಳಲ್ಲಿ ಅವನ ಮುಂದೆ ಮೈಕು ಇಟ್ಟವನು ನಾನು. ನನಗಿಂತ ಹತ್ತು ವರ್ಷ ಚಿಕ್ಕವನು, ಅಣ್ಣ ಎನ್ನುತ್ತಾನೆ.

ಅವನು ಅಂಗಡಿಗೆ ಬಂದಿದ್ದಾಗ ಆ ತುಣುಕು ಹಾಕಿದೆ. ಕಣ್ಣು ಮುಚ್ಚಿಕೊಂಡ. ಬೆರಳುಗಳು ಮೊಣಕಾಲಿನ ಮೇಲೆ ತಮ್ಮಷ್ಟಕ್ಕೆ ಆಡುತ್ತಿದ್ದವು.

"ಇವ ಎಲ್ಲಿ ಉಸಿರು ತಗತಾನೆ ಅಂತ ಗೊತ್ತಾಗ್ಲ ಅಣ್ಣ. ಇನ್ನೊಂದ್ಸಲ ಹಾಕು."

ಮೂರು ಸಲ ಹಾಕಿದೆ. ಆಮೇಲೆ ಅವನು ಹೇಳಿದ: "ಇವ್ರು ಹಾಡನ್ನ ಹಿಡ್ಕತಾರೆ, ಬಿಡ್ತಾರೆ, ಎಲ್ಲೆಲ್ಲೋ ಹೋಗಿ ಮತ್ತೆ ಬಂದು ಹಿಡ್ಕತಾರೆ. ನಾವು ಹಂಗೆ ಬಿಟ್ರೆ ಮದುವೆ ಮನೆಯವ್ರು ನಮ್ಮನ್ನೇ ಬಿಡ್ತಾರೆ."

ಇಬ್ಬರೂ ನಕ್ಕೆವು. ಸ್ವಲ್ಪ ಹೊತ್ತಿಗೆ ಅವನ ಮುಖದಲ್ಲಿ ನಗು ಇರಲಿಲ್ಲ. "ಇಪ್ಪತ್ತು ವರ್ಷದಿಂದ ಊದ್ತಾ ಇದೀನಿ. ಊದೋದು ನಿಲ್ಸಿದ್ರೆ ಮಾತ್ರ ಜನ ತಿರುಗಿ ನೋಡ್ತಾರೆ. ಒಂದೇ ಒಂದು ಸಲ ಯಾರಾದ್ರೂ ನಾ ನುಡ್ಸಿದ್ದಕ್ಕೆ ಕಿವಿ ಕೊಡ್ಬೇಕಣ್ಣ. ಇಲ್ದಿದ್ರೆ ನಾನೆಂತಕ್ಕೆ, ನಿನ್ನ ಪೆನ್‌ಡ್ರೈವೇ ಸಾಕಲ್ಲ" ಎಂದ. ನಾನು ಚಹಾ ತರಿಸಿದೆ.

ಅಲ್ಲಿಂದ ಮುಂದೆ ಶಿಕಾರಿಪುರಕ್ಕೆ ಬಂದಾಗಲೆಲ್ಲ ಮಧ್ಯಾಹ್ನ ನನ್ನ ಅಂಗಡಿಯಲ್ಲಿ ಅಭ್ಯಾಸ ಮಾಡುತ್ತಿದ್ದ. ಆ ತುಣುಕನ್ನೇ ನಕಲು ಮಾಡಲಿಲ್ಲ. ತನಗೆ ಗೊತ್ತಿದ್ದ ರಾಗದಿಂದ ಹೊರಟು, ಅದನ್ನು ಕೈಬಿಟ್ಟು, ದಾರಿ ಹುಡುಕಿಕೊಂಡು ವಾಪಸು ಬರುವುದನ್ನು ಕಲಿಯುತ್ತಿದ್ದ. ಕೆಲವು ಸಲ ವಾಪಸು ಬರಲಾಗದೆ ತಡವರಿಸುತ್ತಿದ್ದ. ಯಾವುದಾದರೂ ಮದುವೆಯಲ್ಲಿ ಇದನ್ನು ನುಡಿಸು ಎಂದು ಚುಚ್ಚಿ ಚುಚ್ಚಿ ಹೇಳಿದವನು ನಾನು.

ಹೋದ ವೈಶಾಖದಲ್ಲಿ ಅವಕಾಶ ಸಿಕ್ಕಿತು. ಅಂಬ್ಲಿಗೊಳದ ನಾಲೆಯ ಕೆಳಗಿನ ಒಂದು ಒಕ್ಕಲು ಮನೆತನದ ಮದುವೆ, ಶಿಕಾರಿಪುರದ ಸಮುದಾಯ ಭವನದಲ್ಲಿ. ಎಲ್ಲ ಶಾಸ್ತ್ರ ಮುಗಿದು, ಜನರ ಕೈಗೆ ಅಕ್ಷತೆ ಹಂಚಿ ಆಗಿತ್ತು. ಮುಹೂರ್ತಕ್ಕೆ ಇನ್ನೂ ಸಮಯವಿತ್ತು. ಮದುವೆ ಮಾಡಿಸುವ ಅಯ್ಯನವರು ಗಡಿಯಾರ ನೋಡಿ ವಾಲಗದವರಿಗೆ, "ಇನ್ನೂ ಹತ್ತು ನಿಮಿಷ ಐತಿ, ನುಡಿಸ್ತಾ ಇರ್ರಿ" ಎಂದರು.

ಅವನು ಮೋಹನ ರಾಗದಲ್ಲಿ ಶುರು ಮಾಡಿ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಅಷ್ಟಕ್ಕೆ ಸುಮ್ಮನಿರದೆ ಅವನ ಮೈಕಿನ ಸೌಂಡು ಏರಿಸಿದೆ. ವಾಲಗದ ಸದ್ದು ಕಡಿಮೆ ಮಾಡ್ರಿ ಎಂದು ಎಲ್ಲ ಮದುವೆಗಳಲ್ಲೂ ಯಾರಾದರೊಬ್ಬರು ಬಂದು ಹೇಳುತ್ತಾರೆ. ಯಾರೂ ಕೇಳದೆ ನಾನಾಗಿ ಏರಿಸಿದ್ದು ಅದೇ ಮೊದಲು.

ಅವನು ರಾಗವನ್ನು ಬಿಟ್ಟ. ಡೋಲಿನ ಷಡ್ಡಕ ಮೊದಲು ಗಾಬರಿಯಾಗಿ ಕಣ್ಣು ಬಿಟ್ಟ, ಆಮೇಲೆ ಅವನಿಗೂ ಉಮೇದು ಬಂತು. ಒಬ್ಬ ಓಡಿದರೆ ಇನ್ನೊಬ್ಬ ಅಟ್ಟಿಸಿಕೊಂಡು ಹೋಗುತ್ತಿದ್ದ. ಪೆನ್‌ಡ್ರೈವಿನಲ್ಲಿ ಕೇಳಿದ್ದು ನನ್ನ ಊರಿನಲ್ಲಿ, ನನ್ನ ಬಾಕ್ಸಿನಲ್ಲಿ, ನನ್ನ ಗೆಳೆಯನ ಉಸಿರಿನಲ್ಲಿ ಬರುತ್ತಿತ್ತು. ನನ್ನ ಕಣ್ಣು ತುಂಬಿ ಬಂತು, ಅದನ್ನು ಮುಚ್ಚಿಡುವುದಿಲ್ಲ. ಸ್ವರ ಏರುತ್ತಾ ಏರುತ್ತಾ ಹೋಗಿ ಎರಡೂ ವಾದ್ಯಗಳು ಒಟ್ಟಿಗೆ ಭೋರೆಂದವು.

ನಾನು ಒಂದು ವಿಷಯ ಮರೆತಿದ್ದೆ. ಈಗಿನ ಮದುವೆಗಳಲ್ಲಿ ವೇದಿಕೆಯ ಮುಂದೆ ಫೋಟೋದವರು, ವಿಡಿಯೋದವರು ಗೋಡೆಯಂತೆ ನಿಂತಿರುತ್ತಾರೆ. ಮೂರನೆಯ ಸಾಲಿನಿಂದ ಆಚೆಗೆ ತಾಳಿ ಕಟ್ಟುವುದು ಯಾರಿಗೂ ಕಾಣುವುದಿಲ್ಲ. ಜನ ಅಕ್ಷತೆ ಹಾಕುವುದು ಕಿವಿಯ ಭರವಸೆಯ ಮೇಲೆ. ವಾಲಗ ಭೋರೆಂದರೆ ಗಟ್ಟಿಮೇಳ, ಗಟ್ಟಿಮೇಳವಾದರೆ ತಾಳಿ. ಹಿಂದಿನ ಸಾಲಿನಿಂದ ಮೊದಲ ಹಿಡಿ ಹಾರಿತು. ಮರುಕ್ಷಣ ಇಡೀ ಭವನವೇ ಅಕ್ಷತೆ ಎರಚಿತು. ಮದುಮಗ ಗಡಿಬಿಡಿಯಲ್ಲಿ ತಾಳಿಗೆ ಕೈ ಹಾಕಿದ. ಅಯ್ಯನವರು ಅವನ ಮಣಿಕಟ್ಟು ಹಿಡಿದುಕೊಂಡು, "ತಡಿಯಪ್ಪಾ, ಇನ್ನೂ ಆರು ನಿಮಿಷ ಐತಿ" ಎಂದರು. ಅವರ ಮೈಕೂ ಚಾಲೂ ಇತ್ತು, ಎಲ್ಲರಿಗೂ ಕೇಳಿಸಿತು.

ನಿಜವಾದ ಮುಹೂರ್ತ ಬಂದಾಗ ಯಾರ ಕೈಯಲ್ಲೂ ಅಕ್ಷತೆ ಇರಲಿಲ್ಲ. ಅಡುಗೆಮನೆಯ ಅಕ್ಕಿಗೆ ಅವಸರದಲ್ಲಿ ಅರಿಶಿನ ಕಲಸಿ ತಂದರು. ಅರ್ಧ ಸಾಲುಗಳಿಗೆ ಅದು ತಲುಪಲಿಲ್ಲ, ಅವರು ಚಪ್ಪಾಳೆ ಹೊಡೆದರು.

ಹುಡುಗಿಯ ಸೋದರಮಾವ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಕೈಮುಗಿದು, "ನಿಮ್ಮ ಮೇಲೆ ನಂಬಿಕೆ ಇಟ್ಟಿದ್ವಲ್ರೀ" ಎಂದರು. ನಾನು ಬಾಯಿ ತೆರೆಯುವ ಮೊದಲೇ ಗೆಳೆಯ, "ತಪ್ಪು ನಂದೇ ಸ್ವಾಮಿ" ಎಂದುಬಿಟ್ಟ. ಅವನನ್ನು ಹುರಿದುಂಬಿಸಿದವನು ನಾನು, ಸೌಂಡು ಏರಿಸಿದವನೂ ನಾನು. ಆದರೂ ಆ ಹೊತ್ತಿನಲ್ಲಿ ನಾನು ವೈರು ಸುತ್ತುತ್ತಾ ನಿಂತೆ. ಅದು ನೆನಪಾದಾಗ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಅವನು ಊಟ ಮಾಡದೆ ಬಸ್ಸು ಹತ್ತಿದ.

ಆಮೇಲೆ ಸಿಕ್ಕ ಎರಡು ಮದುವೆಗಳಲ್ಲಿ ಅವನು ಸಿನಿಮಾ ಹಾಡು ಬಿಟ್ಟು ಬೇರೆ ನುಡಿಸಲಿಲ್ಲ. ಅದನ್ನೂ ಬೆರಳಿನ ಅಭ್ಯಾಸದಿಂದ ನುಡಿಸುತ್ತಿದ್ದ, ಕಣ್ಣು ಎಲ್ಲೋ ಇರುತ್ತಿತ್ತು. ಈ ವರ್ಷ ಕಳೆದರೆ ವಾಲಗ ಬಿಟ್ಟು ಗದ್ದೆ ಕೆಲಸ ನೋಡಿಕೊಳ್ಳುತ್ತಾನಂತೆ ಎಂದು ಷಡ್ಡಕ ನನಗೆ ಹೇಳಿದ. ನಾನೂ ಸೋತಿದ್ದೆ. ತಂಗಿಯ ಮಗಳು ಹೇಳಿದ್ದೇ ಸರಿ, ಈ ಸಂಗೀತಕ್ಕೂ ಈಗಿನ ಕಿವಿಗೂ ಆಗಿಬರುವುದಿಲ್ಲ ಎಂದುಕೊಂಡೆ. ಅಂಗಡಿಯಲ್ಲಿ ಆ ಪೆನ್‌ಡ್ರೈವ್ ಹಾಕುವುದನ್ನೇ ಬಿಟ್ಟೆ.

ಆಷಾಢದಲ್ಲಿ ಒಂದು ದಿನ ಹುಡುಗಿಯೊಬ್ಬಳು ಅಂಗಡಿಗೆ ಬಂದಳು. ಆಷಾಢಕ್ಕೆಂದು ತವರಿಗೆ ಬಂದಿದ್ದ ಅದೇ ಮದುಮಗಳು. ನಾನು ಎದ್ದು ನಿಂತೆ.

"ಮದುವೆ ವಿಡಿಯೋ ಬಂತ್ರೀ. ಅಕ್ಷತೆ ಬಿದ್ದ ಹೊತ್ತಿಗೆ ಸಿನಿಮಾ ಹಾಡು ಹಾಕ್ಯಾರೆ. ಅವತ್ತು ವಾಲಗದವ್ರು ನುಡಿಸಿದ್ದು ನಿಮ್ಮತ್ರ ಐತೇನ್ರೀ?"

ಆದದ್ದು ತಪ್ಪಾಯಿತು ತಾಯಿ ಎಂದು ನಾನು ಶುರು ಮಾಡಿದೆ. ಅವಳು ನಡುವೆಯೇ ತಡೆದಳು.

"ಬೆಳಗಿನಿಂದ ಎಲ್ಲಾರು ಸೀರೆ ಸರಿ ಮಾಡೋರು, ತಲೆ ಬಗ್ಗಿಸು ಅನ್ನೋರು. ನನ್ನ ಕೈ ನಡುಗ್ತಿದ್ವು ರೀ. ಅವ್ರು ನುಡಿಸೋಕೆ ಶುರು ಮಾಡಿದ್ಮೇಲೆ, ಎಲ್ಲಿಗೆ ಹೊಂಟಾರೆ ಇವ್ರು ಅಂತ ನಾನೂ ಹಿಂದಿಂದೆ ಹೋದೆ. ನಡುಗೋದು ಯಾವಾಗ ನಿಂತಿತೋ ಗೊತ್ತೇ ಆಗ್ಲಿಲ್ಲ. ಅಷ್ಟರಾಗ ಅಕ್ಷತೆ ಬಿತ್ತು. ಇನ್ನೊಂದಿಷ್ಟು ಹೊತ್ತು ನುಡಿಸಬೇಕಿತ್ತು."

ನಾನು ಅದನ್ನು ರೆಕಾರ್ಡ್ ಮಾಡಿರಲಿಲ್ಲ. ಹಾಗೆಂದು ಹೇಳಿದಾಗ ಅವಳ ಮುಖ ಸಣ್ಣದಾಯಿತು. ಇರಲಿ ಬಿಡಿ ಎಂದು ಹೋದಳು.

ಮರುದಿನ ಬೆಳಗ್ಗೆ ಶಿರಾಳಕೊಪ್ಪದ ಮೇಲೆ ಸೊರಬದ ಬಸ್ಸು ಹಿಡಿದೆ. ಗೆಳೆಯನ ಮನೆ ಚಂದ್ರಗುತ್ತಿಯ ರಸ್ತೆಯಲ್ಲಿ. ಅವನು ಜಗುಲಿಯಲ್ಲಿ ಕೂತು ಗುದ್ದಲಿಗೆ ಮರದ ಕಾವು ಸಿಕ್ಕಿಸುತ್ತಿದ್ದ. ಹುಡುಗಿ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅವನು ತಲೆ ಎತ್ತಲಿಲ್ಲ. ಇನ್ನೊಂದ್ಸಲ ಹೇಳು ಎಂದ. ಹೇಳಿದೆ.

"ಅಕ್ಷತೆ ಬೀಳೋಕೆ ಮುಂಚೆನೇ ನಡುಕ ನಿಂತಿತ್ತಂತಾ?"

"ಮುಂಚೆನೇ."

ಆ ಮದುವೆಯ ಮಾತು ಕಿವಿಗೆ ಬಿದ್ದು ಅವನ ಹೆಂಡತಿ ಗಾಬರಿಯಿಂದ ಒಳಗಿನಿಂದ ಬಂದಳು. "ಮದುವೆ ಮನೆಯವ್ರು ಮತ್ತೆ ಎಂತ ಕೇಳಿದ್ರಂತೆ?" ಎಂದಳು.

ಅವನು ಗುದ್ದಲಿಯನ್ನು ಪಕ್ಕಕ್ಕಿಟ್ಟು ಅಂಗೈಯಿಂದ ಮುಖ ಒರೆಸಿಕೊಂಡ.

"ಎಂತನೂ ಕೇಳ್ಲ ಮಾರಾಯ್ತಿ. ಆ ಹುಡುಗಿ, ನಾ ನುಡ್ಸಿದ್ದು ಕೇಳಿದ್ಲಂತೆ."