ನಾಗವ್ವ ತಿಂದ ಕಾಳು

೧೯೪೬ರಲ್ಲಿ ನಾನು ಆಳಂದದಲ್ಲಿ ಸಹಕಾರ ಸಂಘಗಳ ಇನ್‌ಸ್ಪೆಕ್ಟರ್ ಆಗಿದ್ದೆ. ಹೈದರಾಬಾದ್ ಸಂಸ್ಥಾನದ ಕಾಲ. ನಮ್ಮ ಕಚೇರಿಯಲ್ಲಿ ಬರವಣಿಗೆ ಉರ್ದುವಿನಲ್ಲಿ, ಜಗಳ ಕನ್ನಡದಲ್ಲಿ. ಒಂದು ಸೈಕಲ್ಲು, ತಲೆಗೊಂದು ಟೋಪಿ, ಜೊತೆಗೆ ಮೈಬೂಬ್ ಎಂಬ ಜವಾನ, ಇಷ್ಟೇ ನನ್ನ ದರ್ಬಾರು. ನಾನು ಹುಟ್ಟು ಪುಕ್ಕಲ. ಪೊಲೀಸ್ ನೌಕರಿ ಸಿಗುವುದಿತ್ತು, ಬೇಡವೆಂದೆ. ಸಹಕಾರ ಎಂಬ ಹೆಸರು ಕೇಳಿ, ಅಲ್ಲಿ ಬಡಿದಾಟ ಇರಲಿಕ್ಕಿಲ್ಲ ಎಂದುಕೊಂಡು ಈ ಕಡೆ ಬಂದಿದ್ದೆ.

ಯುದ್ಧ ಮುಗಿದಿದ್ದರೂ ಧಾನ್ಯದ ಲೆವಿ ಮುಗಿದಿರಲಿಲ್ಲ. ಬೆಳೆದದ್ದರಲ್ಲಿ ಒಂದು ಪಾಲನ್ನು ರೈತರು ಸರ್ಕಾರಕ್ಕೆ ಅಳೆದು ಕೊಡಬೇಕಿತ್ತು. ಅದರ ಜೊತೆಗೆ ಹಳ್ಳಿಗಳಲ್ಲಿ ಗಲ್ಲಾ ಬ್ಯಾಂಕ್ ಎಂಬ ಧಾನ್ಯದ ಸಂಘಗಳಿದ್ದವು. ಸುಗ್ಗಿಯಲ್ಲಿ ಸದಸ್ಯರು ತಂತಮ್ಮ ಕೈಲಾದಷ್ಟು ಜೋಳ ತಂದು ಒಂದು ಕೋಣೆಯಲ್ಲಿ ಕೂಡಿಡುವುದು, ಬೇಸಿಗೆಯಲ್ಲಿ ಮನೆಯ ಕಾಳು ತೀರಿದವರು ಅಲ್ಲಿಂದ ಕಡ ಒಯ್ಯುವುದು, ಮುಂದಿನ ಸುಗ್ಗಿಗೆ ತಿರುಗಿ ತುಂಬುವುದು. ಕೋಣೆಗೆ ಎರಡು ಬೀಗ. ನಮ್ಮ ನಿಯಮದಂತೆ ಒಂದು ಕೀಲಿಕೈ ಅಧ್ಯಕ್ಷನ ಹತ್ತಿರ, ಇನ್ನೊಂದು ಚುನಾವಣೆಯಲ್ಲಿ ಅವನ ಎದುರು ನಿಂತು ಸೋತವನ ಹತ್ತಿರ ಇರಬೇಕು. ಆದರೆ ಸೋತವನಿಗೆ ಒಂದು ಮತವಾದರೂ ಬಿದ್ದಿರಬೇಕು. ಒಂದೂ ಬೀಳದಿದ್ದರೆ ಊರೆಲ್ಲ ಒಮ್ಮತವೆಂದು ಬರೆದು ಎರಡೂ ಕೀಲಿಕೈಗಳನ್ನು ಅಧ್ಯಕ್ಷನಿಗೇ ಒಪ್ಪಿಸಬೇಕು.

ನಾನು ಹೇಳುವ ಊರು ಸರಸಂಬಾದ ಆಚೆಗೆ ಇದೆ. ಹೆಸರು ಬೇಡ, ಅಂದಿನವರ ಮೊಮ್ಮಕ್ಕಳು ಮರಿಮಕ್ಕಳು ಇನ್ನೂ ಅಲ್ಲೇ ಇದ್ದಾರೆ. ಊರ ಗೌಡರೇ ಗಲ್ಲಾ ಬ್ಯಾಂಕಿನ ಅಧ್ಯಕ್ಷರು. ನಾನು ಹೇಳುವ ಚುನಾವಣೆಯ ಹಿಂದಿನ ವರ್ಷ ಎದುರಾಳಿಯೇ ಇಲ್ಲದೆ ಎರಡೂ ಕೀಲಿಕೈ ಅವರಲ್ಲೇ ಇದ್ದವು. ಬೇಸಿಗೆಯಲ್ಲಿ ಕೋಣೆ ತೆಗೆದರೆ ಅರ್ಧಕ್ಕರ್ಧ ಜೋಳ ಮಾಯ. ಹೆಗ್ಗಣ ತಿಂದವು ಎಂದರು ಗೌಡರು. ಅಷ್ಟು ಜೋಳ ಸಾಗಿಸಲು ಆ ಹೆಗ್ಗಣಗಳಿಗೆ ಎತ್ತಿನ ಬಂಡಿಯೇ ಬೇಕಾಗಿದ್ದಿರಬೇಕು. ಊರ ಹೊರಗಿನ ಕೇರಿಯ ಕೂಲಿಯವರು ಆ ಬೇಸಿಗೆಯಲ್ಲಿ ಹುಣಸೆ ಬೀಜ ಹುರಿದು ತಿಂದರು. ಈ ವರ್ಷವೂ ಹಾಗಾದರೆ ಹುಣಸೆ ಬೀಜವೂ ಇರಲಿಲ್ಲ.

ಅದಕ್ಕೇ ಬಸಣ್ಣನೆಂಬ ಸಣ್ಣ ರೈತ ಗೌಡರ ಎದುರು ನಿಂತಿದ್ದ. ಗೆಲ್ಲುವ ಆಸೆ ಅವನಿಗೂ ಇರಲಿಲ್ಲ, ಎರಡನೆಯ ಕೀಲಿಕೈ ಸಾಕಾಗಿತ್ತು. ಶಿವರಾತ್ರಿ ಕಳೆದ ಮೇಲೆ ಚುನಾವಣೆ ಇಟ್ಟಿದ್ದೆವು. ಆ ದಿನ ನಾನೂ ಮೈಬೂಬನೂ ಊರು ಮುಟ್ಟಿದಾಗ ಬಸಣ್ಣನ ಕಣದಲ್ಲಿ ಅವನ ಮೇವಿನ ಬಣವೆ ಬೂದಿಯಾಗಿ ಇನ್ನೂ ಹೊಗೆಯಾಡುತ್ತಿತ್ತು. ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಅಕ್ಕಲಕೋಟೆಯ ಕಡೆಗೆ, ಮಾವನ ಊರಿಗೆ ಹೋಗಿಬಿಟ್ಟಿದ್ದ. ಅಲ್ಲಿಗೆ ಅವನ ಸ್ವಂತ ಮತವೂ ಹೋಯಿತು. ಬೆಂಕಿ ಹೇಗೆ ಬಿತ್ತು ಎಂದು ನಾನು ಯಾರನ್ನೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಶಾಲೆಯ ಪಡಸಾಲೆಯಲ್ಲಿ ಗೌಡರು ಚಹಾ ತರಿಸಿದರು. ಮೊಳಕಾಲಿನ ಮೇಲೆ ಬೆಳ್ಳಿ ಕಟ್ಟಿನ ಬಡಿಗೆ.

“ನಿಂತಾವನೇ ಓಡಿ ಹೋಗ್ಯಾನ್ರಿ ಸಾಹೇಬ್ರ. ಇನ್ನ ಓಟ್ ಯಾಕ? ಚಾ ಕುಡ್ದು ಸಹಿ ಮಾಡಿ ನಡೀರಿ. ಹಾದ್ಯಾಗ ಹಳ್ಳ ಐತಿ, ಹೊತ್ತಾದ್ರ ಚಲೋ ಅಲ್ಲ” ಎಂದರು. ಆ ಹಳ್ಳದಲ್ಲಿ ನೀರಿಲ್ಲವೆಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಮೈಬೂಬ್ ನನ್ನ ಕಿವಿಯಲ್ಲಿ, “ಸಾಬ್, ಗೌಡ್ರ ಮಾತು ಕೇಳ್ರಿ. ನಾವು ಬಾಲ್ ಬಚ್ಚೇವಾಲೇ, ಹೇಣ್ತಿ ಮಕ್ಳು ಇದ್ದಾವ್ರು ಅದೀವಿ” ಎಂದ.

ನಾನು ಒಪ್ಪಿಬಿಡುತ್ತಿದ್ದೆ. ಆದರೆ ನಮ್ಮ ದೊಡ್ಡ ಸಾಹೇಬರು ನಿಯಮ ತಪ್ಪಿದವರನ್ನು ಮನೆಗೆ ಕಳಿಸುವ ಮನುಷ್ಯ. ಅವರ ಹೆದರಿಕೆ ಗೌಡರ ಹೆದರಿಕೆಗಿಂತ ಒಂದು ಕೂದಲೆಳೆ ಹೆಚ್ಚಿತ್ತು. “ಬಸಣ್ಣ ಅರ್ಜಿ ಹಿಂದಕ್ಕೆ ತಗೊಂಡಿಲ್ಲರೀ ಗೌಡ್ರ. ಓಟ್ ನಡಸಲೇಬೇಕು” ಎಂದೆ.

ಓದು ಬಾರದ ಸದಸ್ಯರೇ ಹೆಚ್ಚಿದ್ದುದರಿಂದ ನಾವು ಕಾಳಿನಿಂದ ಮತ ಹಾಕಿಸುತ್ತಿದ್ದೆವು. ಪ್ರತಿಯೊಬ್ಬರಿಗೂ ಒಂದು ಜೋಳದ ಕಾಳು, ಒಂದು ತೊಗರಿ ಕಾಳು ಕೊಡುವುದು. ಮೂಲೆಯಲ್ಲಿ ಕಂಬಳಿ ಕಟ್ಟಿ, ಅದರ ಹಿಂದೆ ಸಣ್ಣ ಬಾಯಿಯ ಗಡಿಗೆ ಇಡುವುದು. ಗೌಡರಿಗೆ ಹಾಕುವವರು ಜೋಳ ಹಾಕಬೇಕು, ಬಸಣ್ಣನಿಗೆ ಹಾಕುವವರು ತೊಗರಿ. ಯಾರು ಏನು ಹಾಕಿದರೆಂದು ದೇವರಿಗೇ ಗೊತ್ತು ಎಂದು ನಾವು ಹೆಮ್ಮೆಪಡುತ್ತಿದ್ದೆವು. ಅಂಗಳದಲ್ಲಿ ಕೂತಿದ್ದ ನಲವತ್ತಮೂರು ಜನ ಸದಸ್ಯರಿಗೆ ಇದನ್ನೆಲ್ಲ ವಿವರಿಸಿದೆ. ಕೀಲಿಕೈಯ ನಿಯಮವನ್ನೂ ಓದಿ ಹೇಳಿದೆ. ಯಾರೂ ತಲೆ ಎತ್ತಲಿಲ್ಲ.

ಮೊದಲನೆಯವನು ಕಂಬಳಿಯ ಹಿಂದಿನಿಂದ ಹೊರಗೆ ಬಂದದ್ದೇ ತಡ, ಗೌಡರು ತಮ್ಮ ಕುರ್ಚಿಯನ್ನು ಎಳೆದು ಅವನ ದಾರಿಗೆ ಹಾಕಿಕೊಂಡು ಕೂತರು. “ಕೈ ತೋರ್ಸಲೇ” ಎಂದರು. ಅವನು ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ತೊಗರಿ ಉಳಿದಿತ್ತು, ಅಂದರೆ ಜೋಳ ಗಡಿಗೆಗೆ ಬಿದ್ದಿದೆ. ಗೌಡರು ಹೋಗೆಂದು ತಲೆ ಆಡಿಸಿದರು.

ಗಡಿಗೆಗೆ ಹೋದ ಕಾಳನ್ನು ಬಚ್ಚಿಟ್ಟಿದ್ದೆವೇ ಹೊರತು ಕೈಯಲ್ಲಿ ಉಳಿಯುವ ಕಾಳು ನಮ್ಮ ಖಾತೆಯಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ಮೊದಲೇ ಗೊತ್ತಿದ್ದರೆ ಯಾರಾದರೂ ಮನೆಯಿಂದ ಇನ್ನೊಂದು ತೊಗರಿ ತರುತ್ತಿದ್ದರೇನೋ. ಆದರೆ ಗೌಡರು ಆ ಗಳಿಗೆಯವರೆಗೂ ಬಾಯಿ ಬಿಟ್ಟಿರಲಿಲ್ಲ.

“ಗೌಡ್ರ, ಇದು ಕಾಯಿದೆ ಅಲ್ಲರೀ” ಎಂದೆ.

“ನಾ ಏನ್ ಗಡಿಗಿ ನೋಡಾಕತ್ತೇನೇನ್ರಿ? ಕೈ ನೋಡಾಕತ್ತೇನಿ. ಕೈ ನೋಡಬಾರ್ದಂತ ನಿಮ್ಮ ಕಾಯಿದ್ಯಾಗ ಎಲ್ಲೈತಿ, ತೋರ್ಸ್ರಿ.”

ಎಲ್ಲಿಯೂ ಇರಲಿಲ್ಲ. ಒಬ್ಬೊಬ್ಬರಾಗಿ ಹೋದರು, ಒಬ್ಬೊಬ್ಬರಾಗಿ ಬಂದು ಕೈ ಬಿಚ್ಚಿದರು. ತೊಗರಿ, ತೊಗರಿ, ತೊಗರಿ. ಒಬ್ಬ ಮುದುಕನ ಕೈ ಎಷ್ಟು ನಡುಗಿತೆಂದರೆ ಕಾಳು ಕೆಳಗೆ ಬಿತ್ತು. ಅವನು ಮಣ್ಣಿನಲ್ಲಿ ಮೊಣಕಾಲೂರಿ ಹುಡುಕಿ ಎತ್ತಿ ತೋರಿಸಿದ. ನಾನು ನೋಡುತ್ತ ಕೂತೆ.

ಮೂವತ್ತಕ್ಕೂ ಹೆಚ್ಚು ಜನ ಮುಗಿದ ಮೇಲೆ ಹೊರಕೇರಿಯ ನಾಗವ್ವ ಬಂದಳು. ಗಂಡ ಸತ್ತ ಕೂಲಿ ಹೆಣ್ಣುಮಗಳು. ಕೂಲಿಗೆ ಬಂದ ಜೋಳದಲ್ಲೇ ಉಳಿಸಿ ಕೋಣೆಗೆ ತನ್ನ ಪಾಲು ಹಾಕಿ ಸದಸ್ಯಳಾದವಳು. ಒಳಗೆ ಹೋದಳು, ಹೊರಗೆ ಬಂದಳು.

“ಕೈ ತೋರ್ಸು ಬೇ” ಎಂದರು ಗೌಡರು.

ಎರಡೂ ಕೈ ಬಿಚ್ಚಿದಳು. ಬರಿಗೈ.

“ಕಾಳೆಲ್ಲಿ?”

“ತಿಂದೇನ್ರಿ ಯಪ್ಪಾ.”

ಗೌಡರು ಎದ್ದು ನಿಂತರು, ಬಡಿಗೆ ಕೈಗೆ ಬಂತು. “ಯಾವ ಕಾಳ್ ತಿಂದಿ ಖರೇ ಹೇಳು. ಇಲ್ಲಂದ್ರ ಹೊಟ್ಟಿ ಕೊಯ್ದು ನೋಡ್ತೇನಿ.”

ನಾಗವ್ವನ ಸೆರಗಿನ ತುದಿ ಅಲುಗುವುದು ನನಗೆ ಕಾಣುತ್ತಿತ್ತು. ಆದರೂ ಹೇಳಿದಳು: “ಕೊಯ್ದು ನೋಡ್ರಿ ಯಪ್ಪಾ. ಒಂದೇ ಕಾಳ್ ಐತಿ, ಹುಡುಕೂದೂ ಬ್ಯಾಡ. ನಿನ್ನಿಂದ ಹೊಟ್ಟಿಗಿ ಮತ್ತೇನೂ ಹಾಕಿಲ್ಲ.”

ಬಡಿಗೆ ಮೇಲಕ್ಕೆದ್ದಿತು. ನಾನು ಯಾವಾಗ ಎದ್ದೆನೋ ತಿಳಿಯದು, ಅವರಿಬ್ಬರ ನಡುವೆ ನಿಂತಿದ್ದೆ. ಬಾಯಿಂದ ಬಂದ ಮಾತು ಮಾತ್ರ ನೆನಪಿದೆ: “ಮುಂದಿನವರು ಬರ್ರಿ.” ಅಷ್ಟರಲ್ಲಿ ಮುಂದಿನವನು ಒಳಗೆ ಹೋಗಿ ಹೊರಗೂ ಬಂದಿದ್ದ. ಅವನ ದವಡೆ ಆಡುತ್ತಿತ್ತು. ಅವನ ಕೈಯೂ ಖಾಲಿ. ಅವನ ಹಿಂದಿನವನೂ ಏನೋ ಅಗಿಯುತ್ತಲೇ ಬಂದ. ಹೀಗೆ ಕೊನೆಯ ಒಂಬತ್ತು ಜನ ಕಾಳು ತಿಂದು ಬಂದರು. ಒಂಬತ್ತು ಜನರ ಹೊಟ್ಟೆ ಕೊಯ್ಯುವುದು ಗೌಡರಿಗೂ ಆಗುವ ಕೆಲಸವಾಗಿರಲಿಲ್ಲ. ಕುರ್ಚಿಯಲ್ಲಿ ಕುಸಿದು ಕೂತರು.

ಗಡಿಗೆಯನ್ನು ಎಲ್ಲರ ಎದುರು ಚಾಪೆಯ ಮೇಲೆ ಸುರಿದೆ. ಒಟ್ಟು ನಲವತ್ತಮೂರು ಕಾಳು. ಜೋಳ ನಲವತ್ತೆರಡು. ತೊಗರಿ ಒಂದೇ ಒಂದು.

ಗೌಡರು ಗೆದ್ದರು. ಅದರಲ್ಲಿ ಮೊದಲಿಗೂ ಸಂಶಯವಿರಲಿಲ್ಲ. ಆ ಒಂದು ತೊಗರಿಯನ್ನು ಎತ್ತಿ ಹಿಡಿದು, “ಬಸಣ್ಣಗ ಒಂದು ಮತ” ಎಂದು ಓದಿದೆ. ಒಂಬತ್ತರಲ್ಲಿ ಎಂಟು ಜನಕ್ಕೆ ಗೌಡರ ವಿರುದ್ಧ ಹಾಕುವ ಧೈರ್ಯ ಬಂದಿರಲಿಲ್ಲ. ಆದರೆ ಹಾಕಿದ ಒಬ್ಬರನ್ನು ಮರೆಮಾಡಲು ಅವರು ತಮ್ಮ ಕೈಯ ಸಾಕ್ಷಿಯನ್ನು ನುಂಗಿದ್ದರು. ಎರಡನೆಯ ಕೀಲಿಕೈಯನ್ನು ಬಸಣ್ಣನ ಪರವಾಗಿ, ಊರಲ್ಲೇ ಉಳಿದಿದ್ದ, ಮತವಿಲ್ಲದ ಅವನ ತಮ್ಮನ ಕೈಗೆ ಕೊಟ್ಟು ಸಹಿ ಹಾಕಿಸಿಕೊಂಡು, ಹಳ್ಳ ದಾಟುವವರೆಗೂ ಹಿಂದೆ ನೋಡದೆ ಸೈಕಲ್ ತುಳಿದೆ. ಹಿಂದೆ ಕೂತಿದ್ದ ಮೈಬೂಬ್ ದಾರಿಯುದ್ದಕ್ಕೂ ಅಲ್ಲಾಹನ ಹೆಸರು ಹೇಳುತ್ತಿದ್ದ.

ಬಿರುಬೇಸಿಗೆಯಲ್ಲಿ ತಪಾಸಣೆಗೆಂದು ಮತ್ತೆ ಹೋದೆ. ಬಸಣ್ಣ ತಿರುಗಿ ಬಂದಿದ್ದ, ಕೀಲಿಕೈ ಅವನ ಉಡದಾರದಲ್ಲಿತ್ತು. ಗೌಡರು ಎರಡು ಸಲ ಬಂಡಿ ಹೂಡಿಸಿಕೊಂಡು ಕೋಣೆಯ ಮುಂದೆ ಬಂದಿದ್ದರಂತೆ. “ಸದಸ್ಯರೆಲ್ಲಾ ಕೂಡ್ಲಿ, ನನ್ನ ಬೀಗ ತಗೀತೇನಿ” ಎಂದು ಬಸಣ್ಣ ಎರಡು ಸಲವೂ ಅಂದನಂತೆ. ಬಂಡಿಗಳು ಬರಿದಾಗಿ ಹೋದವು. ನಾನು ಹೋದ ದಿನ ಕೋಣೆ ತೆರೆದಿತ್ತು, ಗೌಡರ ಎದುರಿನಲ್ಲೇ ಜೋಳ ಅಳೆಯುತ್ತಿದ್ದರು. ಹೆಗ್ಗಣಗಳು ಆ ವರ್ಷ ಊರು ಬಿಟ್ಟಿದ್ದವು.

ನಾಗವ್ವ ತನ್ನ ಪಾಲನ್ನು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ಬಾಯಿ ತಡೆಯಲಾರದೆ ಕೇಳಿದೆ: “ನಾಗವ್ವ, ಅವತ್ತು ಆ ತೊಗರಿ ಹಾಕಿದಾಕಿ ನೀನೇ ಹೌದಲ್ಲ?”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಗೌಡ್ರು ಹೊಟ್ಟಿ ಕೊಯ್ತೇನಂದಾಗ ಹೇಳಿಲ್ರಿ. ನೀವು ಬರೇ ಬಾಯ್ಲೆ ಕೇಳಾಕತ್ತೀರಿ, ನಿಮಗ ಹೇಳ್ತೇನೇನು?”

ಮುಂದೆ ಅಫಜಲಪುರ, ಜೇವರ್ಗಿ ಕಡೆಯೂ ನೌಕರಿ ಮಾಡಿದೆ, ಎಷ್ಟೋ ಚುನಾವಣೆ ನಡೆಸಿದೆ. ಗೆಲ್ಲುವವರು ಗೊತ್ತೇ ಇದ್ದಾರಲ್ಲ, ನಾವು ಹಾಕಿ ಏನು ಉಪಯೋಗ ಎಂದು ಊರೂರಲ್ಲಿ ಕೇಳುತ್ತಿದ್ದರು. ಅವರಿಗೆ ನಾನು ಗೆದ್ದವರ ಸುದ್ದಿ ಹೇಳಲಿಲ್ಲ, ಎರಡನೆಯ ಬೀಗದ ಸುದ್ದಿ ಹೇಳಿದೆ. ಎಣಿಕೆಗೆ ಕೂತಾಗ ಸೋಲುವವರ ಕಾಳನ್ನೇ ಮೊದಲು ಎಣಿಸುವ ರೂಢಿ ಮಾಡಿಕೊಂಡೆ. ನನ್ನ ಪುಕ್ಕಲುತನ ಹೋಗಲಿಲ್ಲ. ಆದರೆ ಅಂದಿನಿಂದ ಕಂಬಳಿಯ ಹಿಂದೆ ಎರಡು ಗಡಿಗೆ ಇಡಿಸಿದೆ. ಒಂದು ಮತದ ಕಾಳಿಗೆ, ಇನ್ನೊಂದು ಕೈಯಲ್ಲಿ ಉಳಿದ ಕಾಳಿಗೆ. ನಾನು ನಡೆಸಿದ ಚುನಾವಣೆಯಲ್ಲಿ ಮತ್ತೆ ಯಾರೂ ಹಸಿದ ಹೊಟ್ಟೆಯಲ್ಲಿ ಹಸಿ ಕಾಳು ನುಂಗಬೇಕಾಗಿ ಬರಲಿಲ್ಲ.