ಚಿಂತಾಮಣಿಯಲ್ಲಿ ನಾನು ರಾಮಣ್ಣ

ಚಿಂತಾಮಣಿಗೆ ಬಂದ ಮೊದಲ ದಿನವೇ ನಾನು ಬೇರೆ ಮನುಷ್ಯನಾದೆ. ಮಗಳ ಮನೆ ಎದುರಿನ ಟೀ ಅಂಗಡಿಯ ಬಾಷಾ "ಮೀ ಪೇರು?" ಎಂದು ತೆಲುಗಿನಲ್ಲಿ ಹೆಸರು ಕೇಳಿದ. ಗೋವಿಂದಪ್ಪ ಎನ್ನಬೇಕು. 'ಗೋ' ಗಂಟಲಲ್ಲೇ ಕಚ್ಚಿಕೊಂಡಿತು. ಆತ ಲೋಟ ಹಿಡಿದು ಕಾಯುತ್ತಿದ್ದ. "ರಾಮಣ್ಣ" ಎಂದುಬಿಟ್ಟೆ. ಅದು ಸಲೀಸಾಗಿ ಬಂತು.

ಗೌರಿಬಿದನೂರು ಕಡೆಯ ನಮ್ಮೂರಲ್ಲಿ ನನ್ನ ಹೆಸರನ್ನು ಯಾರೂ ಕೇಳುವುದಿಲ್ಲ. ಕಂಡಕ್ಟರ್ ಕೇಳದೆಯೇ ಟಿಕೆಟ್ ಹರಿಯುತ್ತಾನೆ. ಉಳಿದ ಮಾತನ್ನೆಲ್ಲ ನನ್ನ ಹೆಂಡತಿಯೇ ಆಡುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಮಗಳು ಇಲ್ಲಿಗೆ ಕರೆತಂದಳು. ಇಲ್ಲಿ ಪ್ರತಿಯೊಂದನ್ನೂ ಬಾಯಿ ಬಿಟ್ಟೇ ಕೇಳಬೇಕು. ಗೋರಿಕಾಯಿಗೆಂದು ಹೋಗಿ ಹುರುಳಿಕಾಯಿ ತಂದಿದ್ದೇನೆ. ಯಾವೂರು ಎಂದವರಿಗೆ "ಆಂಧ್ರದ ಗಡಿ ಕಡೆ" ಎಂದಿದ್ದೇನೆ. ಇಲ್ಲಿ ಎಲ್ಲರೂ ಗಡಿ ಕಡೆಯವರೇ. ಯಾರೂ ಮುಂದೆ ಕೇಳಲಿಲ್ಲ.

ಬಾಷಾ ಗೆಳೆಯನಾದ. ಮಂಡಿನೋವೆಂದು ಆಸ್ಪತ್ರೆಗೆ ಹೊರಟರೆ ಅಂಗಡಿಯನ್ನು ತಮ್ಮನಿಗೆ ಬಿಟ್ಟು ಜೊತೆಗೆ ಬಂದ. ಚೀಟಿ ಮಾಡಿಸುವಲ್ಲಿ ನಾನು ಬಾಯಿ ಬಿಡದೆ ಆಧಾರ್ ಕಾರ್ಡ್ ಚಾಚಿದೆ. ನರ್ಸಮ್ಮ "ಗೋವಿಂದಪ್ಪ ಯಾರು? ಗೋವಿಂದಪ್ಪ" ಎಂದು ಕೂಗಿದಳು. ನಾನು ಏಳಲಿಲ್ಲ.

"ಯಾರೋ ಪುಣ್ಯಾತ್ಮ, ಚೀಟಿ ಮಾಡಿಸಿ ಮಲಗವ್ನೆ" ಎಂದು ಬಾಷಾ ನಕ್ಕ.

ನನ್ನ ಸರದಿ ಹೋಯಿತು. ಅವ್ವ ಇಟ್ಟ ಹೆಸರನ್ನು ಕರೆದಾಗ ತಲೆ ತಗ್ಗಿಸಿ ಕೂತಿದ್ದೆ. ಮಂಡಿಗಿಂತ ಅದು ಹೆಚ್ಚು ನೋಯಿತು. ಜೀವನವೆಲ್ಲ ಉಗ್ಗುವುದಕ್ಕೆ ನಾಚಿದವನಿಗೆ ಮೊದಲ ಸಲ ಉಗ್ಗನ್ನು ಮುಚ್ಚಿಟ್ಟಿದ್ದಕ್ಕೆ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಟೊಮೆಟೊ ಮಂಡಿಯವರು ಕೂತಿದ್ದರು. ಅವರು ಹೋಗಲಿ ಎಂದುಕೊಂಡೆ. ಅದೂ ಮುಚ್ಚಿಟ್ಟಂತೆಯೇ ಎನಿಸಿ ತಡಮಾಡದೆ ಶುರುಮಾಡಿದೆ.

"ಬಾಷಾ, ನನ್ನ ಹೆಸರು ಗೋ... ಗೋ... ಗೋ..."

"ಗೋಪಾಲನಾ?" ಎಂದ ಒಬ್ಬ. ತಲೆಯಾಡಿಸಿದ್ದರೆ ಮುಗಿಯುತ್ತಿತ್ತು.

"ಸುಮ್ನಿರಪ್ಪ, ಆಯಪ್ಪನೇ ಹೇಳ್ತಾನೆ" ಎಂದು ಬಾಷಾ ಒಲೆ ಸಣ್ಣ ಮಾಡಿದ.

"...ಗೋವಿಂದಪ್ಪ. ನಾನು ಉಗ್ಗುತ್ತೀನಿ. ಅದಕ್ಕೇ ಸುಳ್ಳು ಹೇಳ್ದೆ."

ಬಾಷಾ ನನ್ನನ್ನೇ ನೋಡಿದ. "ಹಂಗಾರೆ ನಿನ್ನೆ ಮಲಗಿದ್ದ ಪುಣ್ಯಾತ್ಮ ನೀನೇನಾ? ಇಷ್ಟು ದಿನ ಟೀ ಕುಡಿದ ರಾಮಣ್ಣ ಎಲ್ಲೋದ?" ಎಲ್ಲರೂ ನಕ್ಕರು, ನಾನೂ ನಕ್ಕೆ. "ನಡಿ, ಮತ್ತೆ ಚೀಟಿ ಮಾಡಿಸಣ. ಈ ಸಲ ಕೂಗಿದ್ರೆ ಎದ್ದೇಳು."

ಈಗ ಗೋರಿಕಾಯಿಯನ್ನು ಗೋರಿಕಾಯಿ ಎಂದೇ ಕೇಳುತ್ತೇನೆ, ಎಷ್ಟು ಹೊತ್ತಾದರೂ. ಬೀದಿಯಲ್ಲಿ ಕೆಲವರು ಇನ್ನೂ ರಾಮಣ್ಣ ಎನ್ನುತ್ತಾರೆ, ನಿಂತು ತಿದ್ದುತ್ತೇನೆ. ನಮ್ಮೂರಿನವರೇ, ಊರಲ್ಲಿ ನಾನು 'ಗೋ' ಎನ್ನುತ್ತಿದ್ದಂತೆ ನೀವು ಪ್ರೀತಿಯಿಂದಲೇ ಉಳಿದದ್ದನ್ನು ಹೇಳಿಬಿಡುತ್ತೀರಿ. ಇಲ್ಲಿ ಒಬ್ಬ ಒಲೆ ಸಣ್ಣ ಮಾಡಿ ಕಾಯುತ್ತಾನೆ. ಯಾವುದು ನನ್ನೂರು ಎಂದು ಕೇಳಿದರೆ ಅದೂ ನಾಲಿಗೆಯಲ್ಲಿ ನಿಲ್ಲುತ್ತದೆ. ಹಬ್ಬಕ್ಕೆ ಬರುತ್ತೇನೆ. ನನ್ನ ಮಾತನ್ನು ನೀವು ಮುಗಿಸಬೇಡಿ. ನಾನೇ ಮುಗಿಸುತ್ತೇನೆ.